ಸಿಹಿ ಪಾನೀಯ, ಆಟ ಮತ್ತು ಮಕ್ಕಳ ಹಸಿವು

ಮಗು ಸರಿಯಾಗಿ ಊಟ ಮಾಡುವುದಿಲ್ಲವೆಂಬುದು ಇಂದು ಬಹುತೇಕ ತಾಯಂದಿರ ಕೊರಗು. ನಾಗಾವಿ ಹಾಗೂ ಗದಗ ಸುತ್ತಲಿನ ಊರುಗಳಿಂದ ನಮ್ಮಲ್ಲಿಗೆ ಬರುವವರು ಹಸಿವು ಹೆಚ್ಚಿಸುವ ಚೂರ್ಣವನ್ನೋ ಅರಿಷ್ಟವನ್ನೋ ಕೇಳುತ್ತಾರೆ. ಔಷಧಕ್ಕಿಂತ ಮೊದಲು ನಾವು ಕೇಳುವುದು ಒಂದೇ ಪ್ರಶ್ನೆ: ಶಾಲೆ ಬಿಟ್ಟ ಮೇಲೆ ಮಗು ಏನನ್ನು ಕುಡಿಯುತ್ತದೆ? ಹಣ್ಣಿನ ರಸದ ಪೊಟ್ಟಣ, ಬಣ್ಣದ ಸೋಡಾ, ತಂಪು ಪಾನೀಯದ ಸಣ್ಣ ಬಾಟಲಿ. ಉತ್ತರವು ಬಹುಮಟ್ಟಿಗೆ ಇವುಗಳಲ್ಲೊಂದಾಗಿರುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಸಾಮಾನ್ಯ ಕೋಲಾ ಪಾನೀಯದ 100 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಸಕ್ಕರೆಯಿರುತ್ತದೆ. 250 ಮಿ.ಲೀ. ಬಾಟಲಿಯೆಂದರೆ 25 ಗ್ರಾಂ, ಅಂದರೆ ಐದು ಚಹಾ ಚಮಚ. ಸೇರಿಸಿದ ಸಕ್ಕರೆ, ಬೆಲ್ಲ, ಜೇನು ಮತ್ತು ಹಣ್ಣಿನ ರಸದಲ್ಲಿನ ಸಕ್ಕರೆಯೆಲ್ಲವೂ ಕೂಡಿ ದಿನದ ಆಹಾರಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ದಿನಕ್ಕೆ 1500 ಕ್ಯಾಲರಿ ಬೇಕಾಗುವ ಮಗುವಿಗೆ ಶೇ. 5 ಎಂದರೆ ಸುಮಾರು 19 ಗ್ರಾಂ. ಒಂದೇ ಬಾಟಲಿಯು ಆ ಎಲ್ಲೆಯನ್ನು ದಾಟಿಬಿಡುತ್ತದೆ.

ದ್ರವರೂಪದ ಸಕ್ಕರೆಯನ್ನು ಅಗಿಯಬೇಕಿಲ್ಲ. ಅದು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಬೇಗನೆ ರಕ್ತಕ್ಕೆ ಸೇರಿ ಅಲ್ಲಿನ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸಿ ಅದನ್ನು ತಗ್ಗಿಸುತ್ತದೆ. ಆರೋಗ್ಯವಂತ ಮಗುವಿನಲ್ಲಿ ಕೆಲವು ಗಂಟೆಗಳೊಳಗೆ ಎಲ್ಲವೂ ಸಮಸ್ಥಿತಿಗೆ ಬರುತ್ತದೆ. ಒಂದು ದಿನದ ಸಿಹಿಯಿಂದ ಭಯವಿಲ್ಲ. ಭಯವಿರುವುದು ನಿತ್ಯದ ಅಭ್ಯಾಸದಿಂದ.

ಈ ಅಭ್ಯಾಸಕ್ಕೆ ಎರಡು ಮುಖಗಳಿವೆ. ಊಟಕ್ಕೆ ಸ್ವಲ್ಪ ಮೊದಲು ಸಿಹಿ ಕುಡಿದ ಸಣ್ಣ ಮಗುವಿಗೆ ರೊಟ್ಟಿ, ಪಲ್ಯ, ಬೇಳೆ ಬೇಡವಾಗುತ್ತವೆ. ಸಕ್ಕರೆ ಸಿಕ್ಕಿತು, ಪೋಷಣೆ ಸಿಗಲಿಲ್ಲ. ಇನ್ನೊಂದು ಮಗುವಿಗೆ ಕುಡಿದದ್ದು ಹೊಟ್ಟೆ ತುಂಬಿದಂತೆ ಅನಿಸುವುದೇ ಇಲ್ಲ. ಅದು ಊಟವನ್ನೂ ಪೂರ್ತಿ ಮಾಡುತ್ತದೆ, ಹೆಚ್ಚುವರಿ ಶಕ್ತಿಯು ಮೇದಸ್ಸಾಗಿ ಸಂಚಯವಾಗುತ್ತದೆ. ಹೀಗೆ ಒಂದೇ ಪಾನೀಯವು ಒಂದು ಮನೆಯಲ್ಲಿ ಕೃಶತೆಗೂ ಮತ್ತೊಂದು ಮನೆಯಲ್ಲಿ ಸ್ಥೌಲ್ಯಕ್ಕೂ ಕಾರಣವಾಗಬಲ್ಲದು.

ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಹೇಳುವಾಗ ಬೆಲ್ಲದಿಂದಾದ ಪದಾರ್ಥಗಳ ಅತಿಸೇವನೆಯೊಂದಿಗೆ, ಸುಖವಾಗಿ ಕುಳಿತೇ ಇರುವುದನ್ನೂ ಅತಿನಿದ್ರೆಯನ್ನೂ ಸೇರಿಸಿದೆ. ಸಿಹಿ ಮತ್ತು ಜಡತೆಗಳನ್ನು ಪ್ರಾಚೀನರು ಜೊತೆಯಾಗಿಯೇ ಕಂಡರೆಂಬುದು ಗಮನಾರ್ಹ. ವ್ಯಾಯಾಮದಿಂದ ಅಗ್ನಿ ದೀಪ್ತವಾಗುವುದೆಂದೂ ದೇಹಕ್ಕೆ ಲಾಘವ ಬರುವುದೆಂದೂ ಅದೇ ಗ್ರಂಥ ಹೇಳುತ್ತದೆ. ಆಧುನಿಕ ಶರೀರಶಾಸ್ತ್ರದ ಮಾತೂ ಇದಕ್ಕೆ ಹೊಂದುತ್ತದೆ: ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು, ಆಟ ಮುಗಿದ ಮೇಲೂ ಹಲವು ಗಂಟೆಗಳ ಕಾಲ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಓಡಾಡಿ ಆಡಿ ಬಂದ ತಕ್ಷಣ ಹಸಿವು ಕೆಲಹೊತ್ತು ಅಡಗಿರುತ್ತದೆ, ಮುಂದಿರುವುದು ಬಾಯಾರಿಕೆ. ಆಗ ಸಿಹಿ ಪಾನೀಯ ಕೊಟ್ಟರೆ, ಆಟದಲ್ಲಿ ವ್ಯಯವಾದ ಶಕ್ತಿಯ ಬಹುಭಾಗ ಮರಳಿ ಬರುತ್ತದೆ, ನಿಜವಾದ ಹಸಿವು ಕೆಡುತ್ತದೆ. ನೀರನ್ನೋ ತೆಳುವಾದ ಮಜ್ಜಿಗೆಯನ್ನೋ ಕೊಟ್ಟು, ಕೈಕಾಲು ತೊಳೆಸಿ ಸ್ವಲ್ಪ ಹೊತ್ತು ಕಾಯಿರಿ. ಆಗ ಹುಟ್ಟುವ ಹಸಿವಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯವೂ ರುಚಿಸುತ್ತವೆ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕು. ಕಬಡ್ಡಿ, ಖೋಖೋ, ಹೊಲಕ್ಕೆ ನಡೆದುಹೋಗುವುದು, ಯಾವುದಾದರೂ ಸರಿ.

ಬೆಲ್ಲದ ಪಾನಕದಿಂದ ತೊಂದರೆಯಿಲ್ಲವೆಂದು ಭಕ್ತರು ಭಾವಿಸುವುದುಂಟು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ಹಬ್ಬ ಜಾತ್ರೆಗಳಲ್ಲಿ ಅದು ಪ್ರಸಾದವಾಗಿರಲಿ, ದಿನನಿತ್ಯದ ಪೇಯವಾಗದಿರಲಿ. ಹಣ್ಣನ್ನು ಹಿಂಡಿ ಕೊಡುವುದಕ್ಕಿಂತ ಅಗಿದು ತಿನ್ನಲು ಕೊಡುವುದು ಮೇಲು.

ಕೊನೆಯದಾಗಿ ಅತಿಮುಖ್ಯವಾದ ಎಚ್ಚರಿಕೆ. ಮಗುವಿಗೆ ಅತಿಯಾದ ದಾಹ, ಪದೇಪದೇ ಮೂತ್ರ, ಬಿಟ್ಟುಹೋಗಿದ್ದ ರಾತ್ರಿಮೂತ್ರ ಮರಳಿ ಬರುವುದು, ಉಂಡರೂ ತೂಕ ಇಳಿಯುವುದು ಕಂಡರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿರಿ. ವಾಂತಿ, ಹೊಟ್ಟೆನೋವು, ಏದುಸಿರು ಅಥವಾ ಮಂಪರು ಕೂಡಿದ್ದರೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಇದು ಮೊದಲ ಬಗೆಯ ಮಧುಮೇಹವಾಗಿರಬಹುದು. ಅದು ಸಿಹಿ ತಿಂದುದರಿಂದ ಬರುವುದಲ್ಲ. ತಾಯಿ ತನ್ನನ್ನು ದೂಷಿಸಿಕೊಳ್ಳಬೇಕಾಗಿಲ್ಲ. ಆದರೆ ಅದಕ್ಕೆ ಇನ್ಸುಲಿನ್ ಅನಿವಾರ್ಯ. ನಾವು ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ: ಯಾವ ಕಷಾಯವೂ ಪಥ್ಯವೂ ಅದರ ಸ್ಥಾನವನ್ನು ತುಂಬಲಾರದು, ಅದನ್ನು ಎಂದಿಗೂ ನಿಲ್ಲಿಸಬಾರದು. ಇಂಥ ಮಗು ಆಟದ ನಡುವೆ ಬೆವರಿ, ನಡುಗಿ, ಕಂಗೆಟ್ಟರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಎರಡು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ಸಕ್ಕರೆಯೇ ಔಷಧ.

ಉಳಿದ ಮಕ್ಕಳಿಗೆ ನೀರು, ಆಟ ಮತ್ತು ಹೊತ್ತಿಗೆ ಸರಿಯಾದ ಊಟ ಸಾಕು. ಮನೆಯ ಹಿರಿಯರು ತಾವು ಮೊದಲು ಆ ಬಾಟಲಿಯನ್ನು ಬಿಟ್ಟರೆ ಮಕ್ಕಳಿಗೆ ಬೇರೆ ಉಪದೇಶ ಬೇಕಾಗದು.