ಸ್ವಲೀನತೆ: ದೇಶಕ್ಕೊಂದು ನೋಟ

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ. ಶಾಲೆಯ ಗಂಟೆ ಬಾರಿಸಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ಮಾತಾಡಿಸಿದರೆ ಮುಖ ನೋಡುವುದಿಲ್ಲ. ದಿನಾ ಕೂರುವ ಜಾಗ ಬದಲಾದರೆ ಅತ್ತುಬಿಡುತ್ತಾನೆ. ಆದರೆ ಊರಿಗೆ ಬರುವ ಬಸ್ಸುಗಳ ವೇಳೆಯೆಲ್ಲ ಅವನಿಗೆ ಬಾಯಿಪಾಠ! ಅವನನ್ನು ಕಂಡು ಒಬ್ಬರು "ಸೊಕ್ಕು" ಅಂತಾರೆ, ಇನ್ನೊಬ್ಬರು "ದೃಷ್ಟಿ ತಾಗಿದೆ" ಅಂತಾರೆ, ಮತ್ತೊಬ್ಬರು "ತಾಯಿ ಸರಿಯಾಗಿ ಬೆಳೆಸಿಲ್ಲ" ಅಂತಾರೆ. ಯಾರ ಮಾತು ಸರಿ?

ಮೂವರದೂ ತಪ್ಪು. ಅವನಿಗೆ ಇರಬಹುದಾದದ್ದು ಸ್ವಲೀನತೆ, ಅಂದರೆ ಆಟಿಸಂ.

ಸ್ವಲೀನತೆ ಎಂದರೇನು?

ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಭಿನ್ನತೆ. ಅಂಟುರೋಗವಲ್ಲ. ಇತರರೊಡನೆ ಬೆರೆಯುವ ರೀತಿ, ಮಾತು, ಶಬ್ದ ಮತ್ತು ಬೆಳಕನ್ನು ಗ್ರಹಿಸುವ ಬಗೆ ಬೇರೆಯಾಗಿರುತ್ತವೆ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ಕಾಲೇಜು ಮುಗಿಸಿ ಕೆಲಸಕ್ಕೆ ಹೋಗುತ್ತಾರೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದ ಮೇಲೆ ಇದು ಹೆಚ್ಚು ಜನರಿಗೆ ತಿಳಿಯಿತು. ಸ್ವಲೀನತೆ ಎಲ್ಲ ದೇಶಗಳಲ್ಲೂ ಇದೆ. ಆದರೆ ಅದನ್ನು ಜನ ನೋಡುವ ರೀತಿ ಎಲ್ಲ ಕಡೆ ಒಂದೇ ಅಲ್ಲ.

ಅಮೆರಿಕ: ತಾಯಿಯ ಮೇಲೆ ಆರೋಪ

1950–60ರ ದಶಕಗಳಲ್ಲಿ ಅಮೆರಿಕದ ಅನೇಕ ತಜ್ಞರು, ತಾಯಿ ಪ್ರೀತಿ ತೋರಿಸದಿದ್ದರೆ ಮಗು ಹೀಗಾಗುತ್ತದೆ ಎಂದು ನಂಬಿದ್ದರು. ಇಂಥ ತಾಯಂದಿರನ್ನು "ರೆಫ್ರಿಜರೇಟರ್ ತಾಯಿ" ಎಂದೇ ಕರೆದರು. ಮೊದಲೇ ಕಷ್ಟದಲ್ಲಿದ್ದ ತಾಯಿಗೆ ಈ ಮಾತು ಹೇಗಾಗಿರಬೇಡ? ಸ್ವಲೀನ ಮಗನಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಪುಸ್ತಕ ಬರೆದು ಇದನ್ನು ಪ್ರಶ್ನಿಸಿದರು.

1977ರಲ್ಲಿ ಬ್ರಿಟನ್ನಿನಿಂದ ಒಂದು ಒಳ್ಳೆಯ ಪುರಾವೆ ಬಂತು. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಪರಿಶೀಲಿಸಿದರು. ಪ್ರತಿ ಜೋಡಿಯಲ್ಲೂ ಕನಿಷ್ಠ ಒಬ್ಬರಿಗೆ ಸ್ವಲೀನತೆ ಇತ್ತು. ಫಲಿತಾಂಶ ನೋಡಿ:

• ಏಕರೂಪ ಅವಳಿ: 11 ಜೋಡಿಗಳಲ್ಲಿ 4 ಜೋಡಿಯ ಇಬ್ಬರಿಗೂ ಸ್ವಲೀನತೆ
• ಭಿನ್ನರೂಪ ಅವಳಿ: 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇಲ್ಲ

ಅವಳಿಗಳು ಎರಡೂ ಬಗೆಯವರಾದರೂ ಬೆಳೆಯುವುದು ಒಬ್ಬಳೇ ತಾಯಿಯ ಕೈಯಲ್ಲಿ, ಒಂದೇ ಮನೆಯಲ್ಲಿ. ಪಾಲನೆಯೇ ಕಾರಣವಾಗಿದ್ದರೆ ಈ ವ್ಯತ್ಯಾಸ ಯಾಕೆ ಬರಬೇಕು? ಏಕರೂಪ ಅವಳಿಗಳ ವಂಶವಾಹಿಗಳು ಒಂದೇ. ಹಾಗಾಗಿ ಮುಖ್ಯ ಕಾರಣ ವಂಶವಾಹಿಗಳಲ್ಲಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಮುಂದೆ ನಡೆದ ದೊಡ್ಡ ಅಧ್ಯಯನಗಳೂ ಇದನ್ನೇ ಹೇಳಿದವು. ತಾಯಂದಿರ ತಲೆಯ ಮೇಲಿದ್ದ ಆರೋಪ ಇಳಿಯಿತು.

ಕೊರಿಯಾ: ಅದೇ ವಿಜ್ಞಾನ, ಬೇರೆ ಭಯ

ಈಗ ದಕ್ಷಿಣ ಕೊರಿಯಾಕ್ಕೆ ಹೋಗೋಣ. ಅಲ್ಲಿ "ವಂಶವಾಹಿ" ಎಂಬ ಮಾತೇ ಹೆದರಿಕೆ ತಂದಿತು. ವಂಶದಲ್ಲಿ ಇದೆ ಎಂದು ತಿಳಿದರೆ ಅಣ್ಣನಿಗೆ, ತಂಗಿಗೆ ಮದುವೆ ಸಂಬಂಧ ಯಾರು ಕೊಡುತ್ತಾರೆ? ಆದ್ದರಿಂದ ಕೆಲವು ತಾಯಂದಿರು ಸ್ವಲೀನತೆ ಎನ್ನುವ ಬದಲು, ತಾಯಿ–ಮಗುವಿನ ಬಾಂಧವ್ಯದಲ್ಲಿ ಕೊರತೆ ಎಂದು ವೈದ್ಯರು ಬರೆದುಕೊಟ್ಟರೆ ಸಾಕು ಎನ್ನುತ್ತಿದ್ದರು. ಅಮೆರಿಕದ ಮಾನವಶಾಸ್ತ್ರಜ್ಞ ರಾಯ್ ರಿಚರ್ಡ್ ಗ್ರಿಂಕರ್ ಇದನ್ನು ಗುರುತಿಸಿದ್ದಾರೆ. ಅಂದರೆ ಅಮೆರಿಕದ ತಾಯಂದಿರು ಕಳಚಿಕೊಂಡ ಆರೋಪವನ್ನು, ಮನೆತನ ಉಳಿಸಲು ಕೊರಿಯಾದ ತಾಯಂದಿರು ತಾವೇ ಹೊತ್ತುಕೊಂಡರು!

ಇದರ ನಷ್ಟ ಮಕ್ಕಳಿಗೆ. 2011ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಗೋಯಾಂಗ್ ನಗರದ ಒಂದು ಭಾಗದಲ್ಲಿ 7ರಿಂದ 12 ವರ್ಷದ ಮಕ್ಕಳನ್ನು ಪರಿಶೀಲಿಸಿದರು. ಶೇಕಡಾ 2.64 ಮಕ್ಕಳಿಗೆ ಸ್ವಲೀನತೆ ಇದೆ ಎಂಬ ಅಂದಾಜು ಸಿಕ್ಕಿತು. ಅವರಲ್ಲಿ ಸುಮಾರು ಮೂರನೇ ಎರಡರಷ್ಟು ಮಕ್ಕಳು ಯಾವ ನೆರವೂ ಇಲ್ಲದೆ ಸಾಮಾನ್ಯ ತರಗತಿಗಳಲ್ಲೇ ಕುಳಿತಿದ್ದರು. ಇತ್ತೀಚೆಗೆ ಅಲ್ಲಿನ ನೋಟವೂ ಬದಲಾಗುತ್ತಿದೆ. 2022ರಲ್ಲಿ ಸ್ವಲೀನತೆಯಿರುವ ಒಬ್ಬ ವಕೀಲೆಯ ಕಥೆಯ ಟಿವಿ ಧಾರಾವಾಹಿ ಬಹಳ ಜನಪ್ರಿಯವಾಯಿತು.

ಫ್ರಾನ್ಸ್ ಮತ್ತು ನ್ಯೂಜಿಲೆಂಡ್

ಫ್ರಾನ್ಸಿನಲ್ಲಿ ಮನೋವಿಶ್ಲೇಷಣೆಯ ಪ್ರಭಾವ ದೊಡ್ಡದು. ಹಾಗಾಗಿ ತಾಯಿಯತ್ತ ಬೆರಳು ತೋರಿಸುವ ರೂಢಿ ಅಲ್ಲಿ ಬಹುಕಾಲ ಉಳಿಯಿತು. ಪೋಷಕರು ಹೋರಾಡಿದರು. 2012ರಲ್ಲಿ ಸರ್ಕಾರ ಸ್ವಲೀನತೆಯನ್ನು ಆ ವರ್ಷದ ರಾಷ್ಟ್ರೀಯ ವಿಷಯವಾಗಿ ಘೋಷಿಸಿತು.

ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲಿ ಕೆರಿ ಓಪಾಯಿ ಎಂಬವರು "ತಾಕಿವಾತಂಗ" ಎಂಬ ಪದ ಕಟ್ಟಿದರು. "ಅವರದೇ ಆದ ಕಾಲ, ಅವರದೇ ಆದ ಜಾಗ" ಎಂಬುದು ಅದರ ಭಾವ. ನಮ್ಮ "ಸ್ವಲೀನತೆ" ಎಂದರೆ ತನ್ನಲ್ಲೇ ಲೀನವಾಗಿರುವುದು. ಜಪಾನೀ ಮತ್ತು ಕೊರಿಯನ್ ಪದಗಳಿಗೆ ತನ್ನನ್ನು ತಾನೇ ಮುಚ್ಚಿಕೊಂಡದ್ದು ಎಂಬ ಅರ್ಥವಿದೆ. ಪದ ಬದಲಾದರೆ ನೋಟವೂ ಸ್ವಲ್ಪ ಬದಲಾಗುತ್ತದೆ, ಅಲ್ವಾ?

ನಮ್ಮಲ್ಲಿ?

ಸಂಬಂಧ ನೋಡುವಾಗಿನ ಭಯ ನಮ್ಮ ಮನೆಗಳಿಗೂ ಹೊಸದಲ್ಲ. ಆದರೆ ಕಾನೂನು ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸ್ವಲೀನತೆಯೂ ಸೇರಿದೆ. ಇದು ಇಡೀ ದೇಶಕ್ಕೆ ಅನ್ವಯಿಸುತ್ತದೆ. ನಾವು ಗಡಿಯ ಯಾವ ಕಡೆ ಇದ್ದರೂ ಹಕ್ಕು ಅದೇ.

ಗಡಿನಾಡಿನ ಮನೆಗಳಿಗೆ ಇನ್ನೊಂದು ಮಾತು. "ಎರಡು ಭಾಷೆ ಕೇಳಿಸಿ ಮಗು ಹೀಗಾಯಿತು, ಮನೆಯಲ್ಲಿ ಕನ್ನಡ ಬಿಡಿ" ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಎರಡು ಭಾಷೆಯಿಂದ ಸ್ವಲೀನತೆ ಬರುವುದಿಲ್ಲ. ಸ್ವಲೀನ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು ಎಂದು ಅಧ್ಯಯನಗಳು ತೋರಿಸಿವೆ.

ಕೊನೆಗೆ ನಮ್ಮ ಹುಡುಗ. ಗಂಟೆಯ ಸದ್ದಿನಿಂದ ಅವನನ್ನು ಸ್ವಲ್ಪ ದೂರ ಕೂರಿಸಿ. ಜಾಗ ಬದಲಿಸುವುದಿದ್ದರೆ ಮೊದಲೇ ಹೇಳಿ. ಬಸ್ ಎಷ್ಟು ಗಂಟೆಗೆ ಅಂತ ಅವನನ್ನೇ ಕೇಳಿ.

ಯೋಚಿಸಿ, ಬರೆಯಿರಿ

1. ಅವಳಿಗಳ ಅಧ್ಯಯನದಲ್ಲಿ ಏಕರೂಪ ಅವಳಿಗಳನ್ನು ಮಾತ್ರ ನೋಡಿದ್ದರೆ ಅದೇ ತೀರ್ಮಾನಕ್ಕೆ ಬರಲು ಆಗುತ್ತಿತ್ತೇ? ಯಾಕೆ?
2. ಏಕರೂಪ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಮಾತ್ರ ಇಬ್ಬರಿಗೂ ಸ್ವಲೀನತೆ ಇತ್ತು. ಇದರಿಂದ ಏನು ತಿಳಿಯುತ್ತದೆ?
3. ನಿಮ್ಮ ಶಾಲೆಯಲ್ಲಿ ಯಾವ ಶಬ್ದಗಳು ಹೆಚ್ಚು? ಪಟ್ಟಿ ಮಾಡಿ. ಯಾವುದನ್ನು ಕಡಿಮೆ ಮಾಡಬಹುದು ಎಂದು ಶಿಕ್ಷಕರೊಡನೆ ಚರ್ಚಿಸಿ.