ಕಿವಿಗಾಗಿ ಬರೆಯುವ ವಿದ್ಯೆ

ಪಿಯುಸಿ ಮುಗಿಸಿ ಪತ್ರಿಕೋದ್ಯಮ ಓದಬೇಕೆನ್ನುವ ವಿದ್ಯಾರ್ಥಿಗಳ ಕಣ್ಣು ಹೆಚ್ಚಾಗಿ ಟಿವಿ ಆ್ಯಂಕರ್ ಕುರ್ಚಿಯ ಮೇಲೆಯೇ ಇರುತ್ತದೆ. ಒಂದು ವಾಹಿನಿಯಲ್ಲಿ ಆ ಕುರ್ಚಿ ಸಿಗುವುದು ಕೆಲವರಿಗೆ ಮಾತ್ರ. ಆ್ಯಂಕರ್ ಓದುವ ಸುದ್ದಿಯನ್ನು ಒಬ್ಬರು ತಂದಿರುತ್ತಾರೆ, ಒಬ್ಬರು ಬರೆದಿರುತ್ತಾರೆ, ಇನ್ನೊಬ್ಬರು ದೃಶ್ಯ ಜೋಡಿಸಿರುತ್ತಾರೆ. ಹೆಚ್ಚು ಉದ್ಯೋಗವಿರುವುದು ತೆರೆಯ ಹಿಂದೆ.

ಪ್ರಸಾರ ನಮ್ಮ ನಾಡಿಗೆ ಹೊಸತಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಬಂತು. ತರೀಕೆರೆಯ ನೆರೆಯ ಭದ್ರಾವತಿಯಲ್ಲಿ 1965ರಿಂದ ಆಕಾಶವಾಣಿ ಕೇಂದ್ರವಿದೆ.

ಈ ಓದಿನಲ್ಲಿ ಮೊದಲು ಕಲಿಯಬೇಕಾದದ್ದು ಕಿವಿಗಾಗಿ ಬರೆಯುವುದು. ಪತ್ರಿಕೆ ಓದುವವನು ಅರ್ಥವಾಗದಿದ್ದರೆ ಸಾಲಿಗೆ ಹಿಂದಿರುಗಬಹುದು. ರೇಡಿಯೊ ಕೇಳುವವನಿಗೆ ಆ ಅನುಕೂಲವಿಲ್ಲ. ಹೀಗೊಂದು ವಾಕ್ಯವಿದೆ ಎಂದುಕೊಳ್ಳಿ: “ತರೀಕೆರೆ ತಾಲ್ಲೂಕು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ 18,740 ಕ್ಯುಸೆಕ್ ಒಳಹರಿವಿದ್ದು, ಯಾವುದೇ ಕ್ಷಣ ನೀರು ಬಿಡುವ ಸಾಧ್ಯತೆ ಇರುವುದರಿಂದ ನದಿಪಾತ್ರದ ಜನರು ಎಚ್ಚರಿಕೆ ವಹಿಸಬೇಕೆಂದು ಎಂಜಿನಿಯರ್ ತಿಳಿಸಿದ್ದಾರೆ.” ಬಾನುಲಿಗೆ ಇದು ಹೀಗಾಗುತ್ತದೆ: “ಭದ್ರಾ ನದಿ ದಡದವರು ಎಚ್ಚರವಾಗಿರಬೇಕು ಎಂದು ಜಲಾಶಯದ ಎಂಜಿನಿಯರ್ ಹೇಳಿದ್ದಾರೆ. ಯಾವ ಕ್ಷಣದಲ್ಲಾದರೂ ನೀರು ಬಿಡಬಹುದು. ಜಲಾಶಯಕ್ಕೆ ಈಗ ಸುಮಾರು ಹತ್ತೊಂಬತ್ತು ಸಾವಿರ ಕ್ಯುಸೆಕ್ ನೀರು ಬರುತ್ತಿದೆ.” ಕೇಳುವವನಿಗೆ ಬೇಕಾದ ಮಾತು ಮುಂದೆ ಬಂತು, ಒಂದು ವಾಕ್ಯ ಮೂರಾಯಿತು, ಅಂಕಿ ಬಾಯಿಗೆ ಹಗುರಾಯಿತು. ಎಚ್ಚರಿಕೆ ಕೊಟ್ಟವರು ಯಾರೆಂಬುದನ್ನು ಮಾತ್ರ ಬಿಟ್ಟಿಲ್ಲ. ಅದನ್ನು ಬಿಟ್ಟರೆ ಸುದ್ದಿ ಗಾಳಿಮಾತಾಗುತ್ತದೆ.

ಇನ್ನು ಉಚ್ಚಾರಣೆ. ಮನೆಯಲ್ಲಿ ಉರ್ದು ಆಡುವ ನಮ್ಮ ಮಕ್ಕಳಿಗೆ ‘ಳ’ ಜಾರಿ ‘ಲ’ ಆಗುತ್ತದೆ. ಕನ್ನಡವನ್ನೇ ಆಡುವ ಗೆಳೆಯರಲ್ಲಿ ಎಷ್ಟೋ ಜನರಿಗೆ ‘ಹ’ ಬಿದ್ದುಹೋಗಿ ಹಾಸನ ‘ಆಸನ’ವಾಗುತ್ತದೆ. ‘ಒಳಹರಿವು’ ಎಂಬ ಒಂದೇ ಪದ ಇಬ್ಬರಿಗೂ ಪರೀಕ್ಷೆ! ಆದರೆ ‘ಫ್ರಾನ್ಸ್’ ಎನ್ನುವಾಗ ಉರ್ದು ಬಲ್ಲ ನಾಲಿಗೆಗೆ ಕಷ್ಟವೇ ಇಲ್ಲ. ಮನೆಮಾತು ಬೇರೆ ಎಂದು ಯಾರೂ ಹಿಂಜರಿಯಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿದರೆ ನಾಲಿಗೆ ತಿರುಗುತ್ತದೆ.

ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಪದವಿಯಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಮುಂದಿನ ಎರಡು ವರ್ಷದ ಎಂ.ಎ.ಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ. ತರೀಕೆರೆಗೆ ಅದು ದೂರವಲ್ಲ. ಆಮೇಲೆ ವರದಿಗಾರಿಕೆ, ಕಾಪಿ ಡೆಸ್ಕ್, ಕಾರ್ಯಕ್ರಮ ನಿರ್ಮಾಣ, ಧ್ವನಿ ಅಥವಾ ವಿಡಿಯೊ ಸಂಕಲನ ಹೀಗೆ ದಾರಿ ಕವಲೊಡೆಯುತ್ತದೆ. ಆಕಾಶವಾಣಿ ಕೇಂದ್ರಗಳು ಹಂಗಾಮಿ ಉದ್ಘೋಷಕರನ್ನು ಧ್ವನಿ ಪರೀಕ್ಷೆ ನಡೆಸಿ ಆರಿಸುತ್ತವೆ. ಅದು ಖಾಯಂ ನೌಕರಿಯಲ್ಲ, ಮಾಡಿದ ಪಾಳಿಗೆ ಸಂಭಾವನೆ.

ಮಗಳ ಮುಖ ಟಿವಿಯಲ್ಲಿ ಬರುವುದು ಬೇಡ ಎನ್ನುವ ಅಬ್ಬಾ, ಅಮ್ಮಿ ನಮ್ಮಲ್ಲಿದ್ದಾರೆ. ಮುಖ ತೋರಿಸದೆಯೂ ಈ ವೃತ್ತಿಯಲ್ಲಿ ಮೇಲೆ ಬರಬಹುದು ಎಂದು ಅವರಿಗೆ ತಿಳಿಸಿ ಹೇಳಿ. ಆರಂಭದ ಸಂಬಳ ಕಡಿಮೆ, ರಾತ್ರಿಪಾಳಿ ಇರುತ್ತದೆ, ಊರು ಬಿಟ್ಟು ಬೆಂಗಳೂರಿಗೆ ಹೋಗಬೇಕಾಗಬಹುದು, ಇದನ್ನೂ ಮುಚ್ಚಿಡಬೇಡಿ. ಮೂರೇ ತಿಂಗಳಲ್ಲಿ ಆ್ಯಂಕರ್ ಮಾಡುತ್ತೇವೆಂಬ ಜಾಹೀರಾತಿಗೆ ದೊಡ್ಡ ಫೀಸು ಕಟ್ಟುವ ಮೊದಲು, ಅಲ್ಲಿ ಕಲಿತವರು ಈಗ ಎಲ್ಲಿ ಕೆಲಸದಲ್ಲಿದ್ದಾರೆಂದು ವಿಚಾರಿಸಿ.

ಆಸಕ್ತಿ ಇದ್ದವರು ಈ ವಾರ ಬೀರೂರು ಅಥವಾ ಅಜ್ಜಂಪುರದ ಅಡಿಕೆ ಧಾರಣೆಯ ಸುದ್ದಿಯೊಂದನ್ನು ಪತ್ರಿಕೆಯಿಂದ ಆರಿಸಿ, ಅರ್ಧ ನಿಮಿಷದಲ್ಲಿ ಓದುವಂತೆ ತಿರುಗಿ ಬರೆಯಿರಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಪತ್ರಿಕೆ ಓದದ ಅಜ್ಜಿಗೋ ನಾನಿಗೋ ಒಂದೇ ಸಲ ಕೇಳಿಸಿ. ಅವರು ಧಾರಣೆ ಎಷ್ಟೆಂದು ತಿರುಗಿ ಹೇಳಲಾರದಿದ್ದರೆ ಮತ್ತೊಮ್ಮೆ ಬರೆಯಿರಿ.