ಗಾಯವಾಗಿ ಮನೆಗೆ ಬಂದ ಬೆಕ್ಕು: ಉಳಿಸಿಕೊಳ್ಳುವ ಸೂತ್ರಗಳು

ಹೊರಗೆ ಸುತ್ತುವ ಬೆಕ್ಕಿಗೆ ಗಾಯ ಹೇಗಾಯಿತೆಂದು ಕಂಡವರು ಸಿಗುವುದು ಅಪರೂಪ. ಕಾರಣ ಪೂರ್ತಿ ತಿಳಿಯದೆಯೂ ಅದನ್ನು ಉಳಿಸಿಕೊಳ್ಳಬಹುದು.

1. ಗಾಯಕ್ಕಿಂತ ಮೊದಲು ಬೆಕ್ಕನ್ನು ನೋಡಿ. ಬಾಯಿ ತೆರೆದು ಏದುಸಿರು ಬಿಡುತ್ತಿದೆಯೇ? ವಸಡು ಬಿಳಿಚಿದೆಯೇ? ಹಿಂಗಾಲು ಎಳೆಯುತ್ತಿದೆಯೇ? ರಕ್ತ ನಿಲ್ಲುತ್ತಿಲ್ಲವೇ? ಹಾಗಿದ್ದರೆ ತೊಳೆಯುತ್ತ ಕೂರಬೇಡಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿದು ಪಶುವೈದ್ಯರಲ್ಲಿಗೆ ಹೊರಡಿ.

2. ದಪ್ಪ ಟವೆಲ್ಲಿನಲ್ಲಿ ಸುತ್ತಿ ಹಿಡಿಯಿರಿ. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.

3. ಗಾಯ ಎಲ್ಲಿದೆ ಎಂಬುದೇ ಅರ್ಧ ಸುಳಿವು. ತಲೆ, ಮುಂಗಾಲಿನಲ್ಲಿದ್ದರೆ ಎದುರು ನಿಂತು ಕಾದಾಡಿರಬೇಕು. ಬಾಲದ ಬುಡದಲ್ಲಿದ್ದರೆ ಓಡುವಾಗ ಕಚ್ಚಿಸಿಕೊಂಡಿರಬೇಕು. ಉಗುರುಗಳು ಸೀಳಿ ಸವೆದಿದ್ದರೆ ವಾಹನ ಬಡಿದಿರಬಹುದು, ಒಳಪೆಟ್ಟಿನ ಭಯವಿದೆ. ಬೆನ್ನು, ಎದೆಯ ಮೇಲೆ ತೂತುಗಳಿದ್ದರೆ ನಾಯಿ ಕಚ್ಚಿ ಅಲುಗಿಸಿರಬಹುದು. ಬಿಳಿ ಬೆಕ್ಕಿನ ಕಿವಿ ತುದಿಯಲ್ಲಿ ವಾರಗಟ್ಟಲೆ ಮಾಯದ ಹುಣ್ಣಿದ್ದರೆ ಅದು ಜಗಳದ್ದಲ್ಲ, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಇರಬಹುದು. ತೋರಿಸಿ.

4. ಚಿಕ್ಕ ತೂತಿಗೇ ಹೆಚ್ಚು ಹೆದರಿ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಇಳಿದು ಬಾಯಿಯ ಬ್ಯಾಕ್ಟೀರಿಯಾಗಳನ್ನು ಆಳದಲ್ಲಿ ಬಿಟ್ಟು ಬರುತ್ತದೆ. ಮೇಲಿನ ಚರ್ಮ ಒಂದೆರಡು ದಿನದಲ್ಲೇ ಕೂಡಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಬಾವು, ಜ್ವರ. ಬೆಕ್ಕು ಊಟ ಬಿಟ್ಟು ಮೂಲೆ ಸೇರುತ್ತದೆ. ಆಮೇಲೆ ಒಡೆದು ನಾರುವ ಕೀವು ಸುರಿಯುತ್ತದೆ. ರಾತ್ರೋರಾತ್ರಿ ದೊಡ್ಡ ಗಾಯವಾಯಿತೆಂದು ಜನ ಗಾಬರಿಯಾಗುವುದು ಬಹಳ ಸಲ ಇದನ್ನೇ ಕಂಡು. ಹಿಂಡಬೇಡಿ. ವೈದ್ಯರು ಕೀವು ತೆಗೆದು, ತೊಳೆದು, ಬೇಕಾದ ಆಂಟಿಬಯೋಟಿಕ್ ಕೊಟ್ಟರೆ ಸಾಮಾನ್ಯವಾಗಿ ಚೆನ್ನಾಗಿಯೇ ಮಾಯುತ್ತದೆ. ಮೈ ಮುಟ್ಟಿ ಜ್ವರ ಅಳೆಯಲೂ ಹೋಗಬೇಡಿ. ಆರೋಗ್ಯವಂತ ಬೆಕ್ಕಿನ ಮೈಯೇ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಬಿಸಿ.

5. ತೊಳೆಯಲು ಉಪ್ಪುನೀರು ಸಾಕು. ಒಂದು ಲೀಟರ್ ಕುದಿಸಿದ ನೀರಿಗೆ 9 ಗ್ರಾಂ ಉಪ್ಪು, ಸುಮಾರು ಒಂದೂವರೆ ಟೀ ಚಮಚ. ಉಗುರುಬೆಚ್ಚಗಾದ ಮೇಲೆ ಮೆಲ್ಲಗೆ ಸುರಿಯಿರಿ.

6. ಕೊಟ್ಟಿಗೆಯ ಮದ್ದು ಬೆಕ್ಕಿಗೆ ಬೇಡವೇ ಬೇಡ. ದನದ ಗಾಯಕ್ಕೆ ಹುಳ ಬಿದ್ದಾಗ ಟರ್ಪೆಂಟೈನ್, ಕರ್ಪೂರ, ನುಸಿಗುಳಿಗೆ ಹಾಕಿ ರೂಢಿಯಿದ್ದವರು ಪ್ರೀತಿಯಿಂದಲೇ ಬೆಕ್ಕಿಗೂ ಹಾಕುತ್ತಾರೆ. ಬೆಕ್ಕು ಮೈಯನ್ನೆಲ್ಲ ನೆಕ್ಕಿಕೊಳ್ಳುವ ಪ್ರಾಣಿ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಫಿನೈಲ್, ಡೆಟಾಲ್‌ನಂಥ ದ್ರವಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕಳೆಯುವ ಶಕ್ತಿ ಅದರ ಯಕೃತ್ತಿಗೆ ತೀರ ಕಡಿಮೆ. ಇದೇ ಕಾರಣಕ್ಕೆ ನಾವು ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಅರಿಶಿನ–ಎಣ್ಣೆಯನ್ನೂ ಮೆತ್ತಬೇಡಿ, ಒಳಗಿನ ಕೀವು ಕಣ್ಣಿಗೆ ಬೀಳದಂತಾಗುತ್ತದೆ.

7. ನೊಣ ಕೂರದಂತೆ ಕಾಯಿರಿ. ನೊಣದ ಮೊಟ್ಟೆ ಒಂದು ದಿನದೊಳಗೇ ಹುಳವಾಗಬಹುದು. ಹುಳ ಕಂಡರೆ ನಾಳೆಗೆ ಬಿಡದೆ ವೈದ್ಯರಿಗೆ ತೋರಿಸಿ.

8. ಮಾಯುವ ತನಕ ಮನೆಯೊಳಗೇ ಇರಲಿ. ಮಲಮೂತ್ರಕ್ಕೆ ಮಣ್ಣು ತುಂಬಿದ ತಟ್ಟೆ, ಕುಡಿಯಲು ನೀರು, ಹಳೇ ಸೀರೆಯ ಹಾಸಿಗೆ ಕೊಡಿ. ಒಂದು ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಿ. ಕೆಲವು ದಿನ ಉಪವಾಸವಿದ್ದರೆ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ.

9. ಬೆಕ್ಕಿಗೂ ರೇಬೀಸ್ ಲಸಿಕೆ ಕೇಳಿ. ಕಚ್ಚಿದ ಪ್ರಾಣಿ ಯಾವುದೆಂದು ಗೊತ್ತಿಲ್ಲದಿದ್ದಾಗ, ಮೊದಲು ಹಾಕಿಸಿದ್ದರೂ ಬೂಸ್ಟರ್ ಬೇಕಾಗುತ್ತದೆ.

10. ಗಂಡು ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಐದಾರು ತಿಂಗಳಾಗುವಷ್ಟರಲ್ಲಿ ಮಾಡಿಸಿದರೆ ಅಲೆದಾಟ, ಜಗಳ ಎರಡೂ ಬಹಳ ಕಡಿಮೆಯಾಗುತ್ತವೆ. ಕಚ್ಚಾಟದಿಂದ ಹರಡುವ, ಔಷಧಿಯಿಂದ ಪೂರ್ತಿ ವಾಸಿಯಾಗದ ಎಫ್‌ಐವಿ ಸೋಂಕಿನ ಅಪಾಯವೂ ತಗ್ಗುತ್ತದೆ. ಈಗಿನ ಗಾಯ ಮಾಯ್ದ ಕೂಡಲೇ ವೈದ್ಯರ ಬಳಿ ದಿನ ಗೊತ್ತುಮಾಡಿಕೊಳ್ಳಿ.